ಕುಸುಬಿ ಎಣ್ಣೆಯ ವಾಸನೆ

ನಾನು ಬೆಳೆದದ್ದು ಎರಡು ಮನೆಗಳಲ್ಲಿ. ಒಂದಕ್ಕೆ ಗೋಡೆಗಳಿದ್ದವು, ಇನ್ನೊಂದಕ್ಕೆ ಗಾಲಿಗಳಿದ್ದವು. ಎರಡೂ ನಮ್ಮವಲ್ಲ, ಸಾವ್ಕಾರರವು. ಒಂದೇ ಮಧ್ಯಾಹ್ನದಲ್ಲಿ ಎರಡರಿಂದಲೂ ನಮ್ಮನ್ನು ಹೊರಗೆ ಹಾಕಿದರು. ಹಳೆಯದನ್ನೆಲ್ಲ ಮರೆತುಬಿಡಬೇಕು ಎಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ಅವರಲ್ಲಿ ಒಬ್ಬರನ್ನೂ ಯಾರೂ ಎಂದೂ ಹೊರಗೆ ಹಾಕಿರಲಿಲ್ಲ. ನಾನು ಮರೆತಿಲ್ಲ. ಆ ಸಿಟ್ಟಿನ ಬೆಳಕಿನಲ್ಲೇ ಓದಿದೆ, ನಮ್ಮ ಮನೆತನದಲ್ಲಿ ಮೊದಲ ಬಿ.ಎಸ್ಸಿ. ಆದೆ. ಈ ಪುಟಗಳನ್ನು ತಣ್ಣಗಿನ ಮನಸ್ಸಿನಿಂದ ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳಲಾರೆ.

ಗೋಡೆಯ ಮನೆ ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದಲ್ಲಿ, ಸಾವ್ಕಾರರ ಬಂಗಲೆಯ ಹಿಂದೆ, ಹಲಸಿನ ಮರದ ಕೆಳಗಿತ್ತು. ಒಂದು ಕೋಣೆ, ಒಂದು ಒಲೆಯ ಮೂಲೆ. ಹಣ್ಣಿನ ಕಾಲದಲ್ಲಿ ಹಲಸು ಛಾವಣಿಯ ಮೇಲೆ ಧಡ್ಡೆಂದು ಬಿದ್ದರೆ ಅಪ್ಪ ಸೈನ್ಯದ ಅಭ್ಯಾಸಕ್ಕೆ ನೆಲಕ್ಕೆ ಮಲಗಿಬಿಡುತ್ತಿದ್ದ; ಅವ್ವ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಅಪ್ಪ ಸೈನ್ಯದಲ್ಲಿ ಲಾರಿ ಓಡಿಸಿ, ಲಾರಿ ಬಿಚ್ಚಿ ಕಟ್ಟಿ, ನಿವೃತ್ತಿಯಾಗಿ ಬಂದವನು. ಸಾವ್ಕಾರರು ಧಾರವಾಡದ ಕಡೆಯವರು, ಬಂದರಿನ ಕಟ್ಟಡಗಳ ಗುತ್ತಿಗೆ ಹಿಡಿದು ಕೊಚ್ಚಿಗೆ ಬಂದಿದ್ದರು. ಪರದೇಶದಂಥ ಈ ಊರಿನಲ್ಲಿ ಕನ್ನಡ ಮಾತಾಡುವ ಡ್ರೈವರ್ ಸಿಕ್ಕನೆಂದು ಅವರಿಗೆ ಖುಷಿ. ಅವರ ಹೆಂಡತಿಯನ್ನು ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಮೊದಲ ದಿನವೇ ಬಾಯಾರು ಕೇಳಬೇಕಾದ್ದನ್ನು ಕೇಳಿದರು.

"ಯಾವ ಮಂದಿ ನೀವು?"

"ಮಿಲ್ಟ್ರಿ ಮಂದಿ ರೀ," ಎಂದ ಅಪ್ಪ.

ಎಲ್ಲರೂ ನಕ್ಕರು. ನಗೆಯಲ್ಲಿ ಆ ಪ್ರಶ್ನೆ ಮುಚ್ಚಿಹೋಯಿತು. ನಿಜವಾದ ಉತ್ತರ ಏನೆಂದರೆ, ನನ್ನ ಇಬ್ಬರು ಅಜ್ಜಂದಿರೂ ಚಪ್ಪಲಿ ಹೊಲಿಯುವವರು, ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಹೊಲಿಯುವವರು. ಅಪ್ಪ ಆ ಕೆಲಸ ಬಿಟ್ಟು ಓಡಿಹೋಗಿ ಸೈನ್ಯ ಸೇರಿದವನು. ಅವ್ವ ಬಿಟ್ಟವಳಲ್ಲ. ಅವಳ ಅಪ್ಪ ಕೊಟ್ಟ ರಂಪಿಗೆ, ತೊಗಲು ಕೊಯ್ಯುವ ಆ ಅಗಲ ಬಾಯಿಯ ಕತ್ತಿ, ಟ್ರಂಕಿನ ತಳದಲ್ಲಿ ನನ್ನ ಹಳೆಯ ಲಂಗದಲ್ಲಿ ಸುತ್ತಿಕೊಂಡು ಮಲಗಿತ್ತು. ಊರಿನ ಮಾತು ಹೊಸ್ತಿಲು ದಾಟಕೂಡದು ಎನ್ನುವುದು ಮನೆಯ ಕಾಯಿದೆ. ನನಗೆ ಅದು ಕಷ್ಟವಾಗಲಿಲ್ಲ, ಏಕೆಂದರೆ ನಾನು ಕನ್ನಡ ಮಾತಾಡುತ್ತಲೇ ಇರಲಿಲ್ಲ. ಅವ್ವ ಕನ್ನಡದಲ್ಲಿ ಬೈದರೆ ನಾನು ಮಲಯಾಳದಲ್ಲಿ ಎದುರುತ್ತರ ಕೊಡುತ್ತಿದ್ದೆ. ಬಾಯಾರು ಕರೆದರೂ ಅಷ್ಟೆ, "ಎಂತಾ ಅಮ್ಮಾ" ಎಂದೇ ಓಡುತ್ತಿದ್ದೆ.

ಬಂಗಲೆಯ ಅಡುಗೆಮನೆಗೆ ಅವ್ವನನ್ನು ಕರೆದೊಯ್ದದ್ದು ಜೋಳದ ರೊಟ್ಟಿ. ಊರಿನಿಂದ ರೈಲಿನಲ್ಲಿ ಜೋಳದ ಚೀಲ ಬರುತ್ತಿತ್ತು, ಜೊತೆಗೆ ಕುಸುಬಿ ಎಣ್ಣೆಯ ಡಬ್ಬ. ಬಾಯಾರು ತಟ್ಟಿದ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಅವ್ವನದು ಕೈಯಲ್ಲಿ ತಿರುಗುತ್ತ ತಿರುಗುತ್ತ ಹುಣ್ಣಿಮೆಯ ಚಂದ್ರನಷ್ಟು ಆಗುತ್ತಿತ್ತು. ಸ್ನಾನ ಮಾಡಿ ಬಾ, ಒಗೆದ ಸೀರೆ ಉಟ್ಟು ಬಾ ಎಂಬ ಕಟ್ಟಳೆಯ ಮೇಲೆ ಅವ್ವನಿಗೆ ಮಡಿಯ ಅಡುಗೆಮನೆಯಲ್ಲಿ ಜಾಗ ಸಿಕ್ಕಿತು. ಸಾವ್ಕಾರರು ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತು, ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಬೆರಳು ಸುಟ್ಟುಕೊಂಡು ಮುರಿಯುತ್ತಿದ್ದರು. "ಗಂಗವ್ವಾ, ನೀ ಇರದಿದ್ದರ ನಾವು ಈ ಮೀನಿನ ಊರಾಗ ಬದಕತಿರಲಿಲ್ಲ ನೋಡು," ಎನ್ನುತ್ತಿದ್ದರು. ವರ್ಷಗಟ್ಟಲೆ ಅಂದರು, ವರ್ಷಗಟ್ಟಲೆ ತಿಂದರು.

ಇನ್ನು ಗಾಲಿಯ ಮನೆ. ಬಂದರಿನ ಕೆಲಸಕ್ಕೆ ಬಂದಿದ್ದ ಒಬ್ಬ ಅಮೆರಿಕದ ಎಂಜಿನಿಯರ್ ಊರಿಗೆ ಹಿಂತಿರುಗುವಾಗ ಬಿಟ್ಟುಹೋದ ಹಳೆಯ ಮೋಟಾರು ವಾಹನ ಅದು. ಹೊರಗಿನಿಂದ ಬಸ್ಸು, ಒಳಗೆ ಮನೆ. ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಮಡಿಚುವ ಮೇಜು, ಕಿಟಕಿಗೆ ಹೂವಿನ ಪರದೆ. ನಾವು ಅದನ್ನು ಮನಿಗಾಡಿ ಎನ್ನುತ್ತಿದ್ದೆವು. ಸಾವ್ಕಾರರು ಅದನ್ನು ಕೊಂಡದ್ದು ಬಾಯಾರಿಗಾಗಿ. ಹೋಟೆಲಿನ ನೀರನ್ನೂ ಮುಟ್ಟದ ಬಾಯಾರು ಅದರಲ್ಲಿ ಮಡಿಯ ಅಡುಗೆ ಹೂಡಿ ಗಂಡನ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಗಾಡಿ ನಿಂತಿರುವಾಗ ಕಸ ಗುಡಿಸುವ ಕೆಲಸ ನನ್ನದು. ಗುಡಿಸಿ, ಆ ಮಡಿಚುವ ಮೇಜು ಬಿಚ್ಚಿ, ಅಲ್ಲೇ ಓದುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ಓದಿದ್ದೆಲ್ಲ ಆ ಮೇಜಿನ ಮೇಲೆ. ಒಂದು ದಿನ ಸಾವ್ಕಾರರು ಕಿಟಕಿಯಲ್ಲಿ ಇಣುಕಿ ನನ್ನ ಗಣಿತದ ಪುಸ್ತಕ ನೋಡಿ ಅಪ್ಪನಿಗೆ ಹೇಳಿದರು.

"ಪಾಸಾಗಲಿ, ತಿರುವನಂತಪುರದ ಕಾಲೇಜಿಗೆ ಹಾಕೋಣ. ಅಲ್ಲಿಯ ಪ್ರಿನ್ಸಿಪಾಲಮ್ಮ ನನಗ ಪರಿಚಯ ಅದಾರ. ಹಾಸ್ಟೆಲಿನ್ಯಾಗ ಜಾಗ ಕೊಡಸ್ತೀನಿ. ಇದ ಗಾಡ್ಯಾಗ ಕರಕೊಂಡ ಹೋಗೋಣ."

ಪಾಸಾದೆ. ಒಳ್ಳೆಯ ಅಂಕಗಳೇ ಬಂದವು. ಆಗಲೇ ಗಾಡಿ ಎಣ್ಣೆ ಸುರಿಸಲು ಶುರುಮಾಡಿತು. ಆ ಗಾಡಿಯ ಸ್ಟಿಯರಿಂಗ್ ಬರೀ ತೋಳಿನ ಬಲದ್ದಲ್ಲ. ಎಂಜಿನ್ನಿನಿಂದ ಓಡುವ ಒಂದು ಪಂಪು ಕೊಳವೆಯೊಳಗೆ ಎಣ್ಣೆ ಒತ್ತುತ್ತಿತ್ತು, ಆ ಒತ್ತಡಕ್ಕೆ ಒಂದು ಉಕ್ಕಿನ ದಂಡ ಒಳಗೆ ಹೊರಗೆ ಸರಿದು ಗಾಲಿ ತಿರುಗಿಸಲು ನೆರವಾಗುತ್ತಿತ್ತು. ಆನೆಯಂಥ ಆ ಗಾಡಿಯನ್ನು ಅಪ್ಪ ಒಂದು ಕೈಯಲ್ಲಿ ತಿರುಗಿಸುತ್ತಿದ್ದುದು ಅದರಿಂದಲೇ. ದಂಡ ಹೊರಬರುವ ಬಾಯಲ್ಲಿ ಎಣ್ಣೆ ತಡೆಯುವ ಒಂದು ಬಳೆ, ಸೀಲು. ಅದು ಸವೆದುಹೋಗಿತ್ತು. ಬೆಳಿಗ್ಗೆ ನೋಡಿದರೆ ಗಾಡಿಯ ಕೆಳಗೆ ನೆಲ ಕೆಂಪು. ಎಲೆಯಡಿಕೆ ಉಗುಳಿದ ಹಾಗೆ. ಅಪ್ಪ ಎಡಪ್ಪಳ್ಳಿಯ ಲೇತ್ ಅಂಗಡಿಯ ವರ್ಗೀಸನ ಹತ್ತಿರ ಓಡಿದ. ವರ್ಗೀಸ್ ಸವೆದ ಬಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದಿವಿಡೆ ಕಿಟ್ಟಿಲ್ಲಾ ಮಿಲಿಟ್ರಿ ಚೇಟ್ಟಾ," ಎಂದ. ಇದು ಇಲ್ಲಿ ಸಿಗುವುದಿಲ್ಲ, ಅಣ್ಣಾ. ಸಿಗದಿದ್ದರೇನಂತೆ, ಇದು ರಬ್ಬರಿನ ಸೀಮೆ ಎಂದು ರಬ್ಬರ್ ಹಾಳೆಯಿಂದಲೇ ಒಂದು ಬಳೆ ಕತ್ತರಿಸಿ ಕೊಟ್ಟ. ಅದು ಎಣ್ಣೆ ಕುಡಿದು ಮೊಸರಿನಲ್ಲಿ ನೆನೆದ ವಡೆಯ ಹಾಗೆ ಉಬ್ಬಿ ಹರಿದುಹೋಯಿತು. ಗ್ರೀಸು ಮೆತ್ತಿದ ಹಗ್ಗ ಸುತ್ತಿದರು. ಬಂಗಲೆಯ ಗೇಟು ದಾಟುವುದರೊಳಗೆ ಅದೂ ಸೋರಿತು.

ಸಾವ್ಕಾರರಿಗೆ ಕಾಲಿಗೆ ಬೆಂಕಿ ಬಿದ್ದಿತ್ತು. ತಿರುವನಂತಪುರದ ಕಡಲ ಬದಿಗೆ ಕೇಂದ್ರ ಸರ್ಕಾರದ ಹೊಸ ಸಂಸ್ಥೆಯೊಂದು ಏಳುತ್ತಿತ್ತು. ಅದರ ಕಟ್ಟಡದ ಗುತ್ತಿಗೆ ಕೊಡಬೇಕಾದ ಆಫೀಸರು ರಾಯಚೂರಿನ ಕಡೆಯವರು, ಊಟಕ್ಕೆ ಬರಲು ಒಪ್ಪಿದ್ದರು. ಮನಿಗಾಡಿಯಲ್ಲಿ, ಕಡಲ ಎದುರು, ಬಿಸಿ ಬಿಸಿ ಜೋಳದ ರೊಟ್ಟಿಯ ಊಟ ಹಾಕಬೇಕೆಂಬುದು ಸಾವ್ಕಾರರ ಲೆಕ್ಕಾಚಾರ. ಅದೇ ಪ್ರಯಾಣದಲ್ಲಿ ನನ್ನ ಕಾಲೇಜಿನ ಮಾತೂ ಮುಗಿಯಬೇಕಿತ್ತು. "ಗಾಡಿ ಎದ್ದರ ಹುಡುಗಿ ಕಾಲೇಜು, ಏಳದಿದ್ದರ ನೀನೂ ಬ್ಯಾರೆ ಕೆಲಸ ನೋಡಿಕೋ," ಎಂದುಬಿಟ್ಟರು. ಅಪ್ಪ ಬಂದು ಒಲೆಯ ಮುಂದೆ ಕೂತ. ಅವ್ವ ಟ್ರಂಕು ತೆರೆದು ರಂಪಿಗೆ ಹೊರತೆಗೆದಳು.

"ಬ್ಯಾಡ ಅಂದ್ರ ಬ್ಯಾಡ," ಎಂದ ಅಪ್ಪ. "ಬಾಯಾರಿಗೆ ಗೊತ್ತಾತಂದ್ರ ಹುಡುಗಿ ಕಾಲೇಜು ಮುಗೀತು."

"ಗಾಡಿ ಏಳಲಿಲ್ಲಂದ್ರೂ ಮುಗೀತು. ತೊಗಲಿನ ಬಳಿ ನಿಲ್ಲತೈತಿ. ನಮ್ಮಪ್ಪ ಪಂಪಿಗಿ, ಬಾನಿಗಿ ಮಾಡಿದ್ದು ನೋಡೇನಿ ನಾ."

"ಮಿಲ್ಟ್ರ್ಯಾಗ ಇಷ್ಟ ವರ್ಷ ತೊಗಲು ಮುಟ್ಟದ ಬದುಕೇನಿ."

"ದಿನಾ ಬೂಟಿಗಿ ಹಚ್ಚಿ ತಿಕ್ಕಿದ್ದು ಏನದು, ತುಪ್ಪೇನು?"

ಅಪ್ಪನಿಗೆ ನಗು ಬಂತು, ಸಿಟ್ಟೂ ಬಂತು. ಕೊನೆಗೆ ಎದ್ದುಹೋಗಿ ಮಿಲಿಟರಿ ಬೂಟನ್ನೇ ತಂದು ಅವ್ವನ ಮುಂದೆ ಇಟ್ಟ. ವರ್ಷಕ್ಕೊಮ್ಮೆ, ಆಗಸ್ಟ್ ಹದಿನೈದಕ್ಕೆ, ಆ ಬೂಟು ಹಾಕಿ ಬಂಗಲೆಯ ಅಂಗಳದಲ್ಲಿ ಸೆಲ್ಯೂಟು ಹೊಡೆಯುತ್ತಿದ್ದವನು ಅವನು. ಅವ್ವ ಬೂಟಿನ ಮೇಲ್ಭಾಗದ ತೊಗಲನ್ನು ದುಂಡಗೆ ಕೊಯ್ದಳು. ರಂಪಿಗೆ ಅವಳ ಕೈಯಲ್ಲಿ ಓಡುವುದನ್ನು ನಾನು ಮೊದಲ ಸಲ ನೋಡಿದೆ. ರೊಟ್ಟಿ ತಟ್ಟುವಾಗ ಇರುವ ಕೈಯೇ, ಅದೇ ನೆಮ್ಮದಿ. ತೊಗಲು ನೀರಿನಲ್ಲಿ ನೆನೆಯಿತು. ವರ್ಗೀಸ್ ಹಲಸಿನ ಕಟ್ಟಿಗೆಯಲ್ಲಿ ಕೊರೆದುಕೊಟ್ಟ ಅಚ್ಚಿಗೆ ಅವ್ವ ಅದನ್ನು ಒತ್ತಿ ಕೂರಿಸಿ, ನೆರಳಿನಲ್ಲಿ ಒಣಗಿಸಿ, ಸಣ್ಣ ಬಟ್ಟಲಿನಂತೆ ಅಂಚು ಎತ್ತಿಸಿದಳು. ಉಳಿದದ್ದು ಎಣ್ಣೆ ಕುಡಿಸುವ ಕೆಲಸ.

ಅಲ್ಲಿ ಆದದ್ದನ್ನು ಅವ್ವನ ತಪ್ಪು ಎನ್ನುವುದಾದರೆ ಎನ್ನಿ. ಕೇರಳದಲ್ಲಿ ಯಾರ ಮನೆಯಲ್ಲೂ ತೆಂಗಿನೆಣ್ಣೆಗೆ ಬರವಿಲ್ಲ. ಆದರೆ ಅವ್ವನಿಗೆ ಅವಳ ಅಪ್ಪ ಕಲಿಸಿದ್ದು ಕುಸುಬಿ ಎಣ್ಣೆ. ತೆಂಗಿನೆಣ್ಣೆ ತೊಗಲಿಗೆ ಬೂಷ್ಟು ಹಿಡಿಸುತ್ತದೆ ಎಂದಳು. ಬಾಯಾರೇ ಕೊಟ್ಟಿದ್ದ ಬಾಟಲಿಯಿಂದ ಕುಸುಬಿ ಎಣ್ಣೆ ಬಗ್ಗಿಸಿ, ಕಾಸಿ, ತೊಗಲಿನ ಬಟ್ಟಲನ್ನು ಅದರಲ್ಲಿ ಇಳಿಸಿದಳು. ಕಾದ ಕುಸುಬಿ ಎಣ್ಣೆ, ಬಿಸಿಯಾದ ತೊಗಲು, ಎರಡೂ ಕೂಡಿ ಎದ್ದ ವಾಸನೆ ನನಗೆ ಹೊಸದು. ಆ ಬೀದಿಯಲ್ಲಿ, ಆ ಊರಿನಲ್ಲಿ ಯಾರಿಗೂ ಅದು ಏನೆಂದು ತಿಳಿಯುವ ಹಾಗಿರಲಿಲ್ಲ. ಒಬ್ಬರಿಗೆ ಮಾತ್ರ ತಿಳಿಯುತ್ತಿತ್ತು. ಬಾಯಾರು ಹಿಂದಿನ ಪಡಸಾಲೆಗೆ ಬಂದು ನಿಂತರು.

"ಏನ ಕಾಸ್ಲಿಕ್ಕೆ ಹತ್ತೀ ಗಂಗವ್ವಾ?"

"ಕಸ್ತೂರಿ ತಲಿಗಿ ಎಣ್ಣಿ ರೀ," ಎಂದಳು ಅವ್ವ, ನನ್ನ ಕಡೆ ಕೈ ತೋರಿಸಿ.

"ಹೌದಾ," ಎಂದು ಒಳಗೆ ಹೋದರು. ಅಂದಿನಿಂದ ಏನೋ ವ್ರತ ಹಿಡಿದಿದ್ದೇನೆಂದು ಬಾಯಾರು ರೊಟ್ಟಿ ಬಿಟ್ಟು ಹಾಲುಹಣ್ಣಿನ ಮೇಲಿದ್ದರು. ಅವ್ವನೇ ಅವರಿಗಾಗಿ ಬಾಳೆಹಣ್ಣು ಆರಿಸಿ ತರುತ್ತಿದ್ದಳು.

ತೊಗಲಿನ ಬಳೆ ನಿಂತಿತು. ಅಪ್ಪ ಅದನ್ನು ಕೂರಿಸಿ, ಎಣ್ಣೆ ತುಂಬಿ, ಎಂಜಿನ್ ಹಚ್ಚಿ, ಚಕ್ರವನ್ನು ಆ ಕಡೆ ಈ ಕಡೆ ಕೊನೆಯವರೆಗೆ ತಿರುಗಿಸಿದ. ಕೆಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಒಂದು ಹನಿ ಇಲ್ಲ. ಆಲಪ್ಪುಳದ ಕಾಲುವೆಗಳ ಬದಿಯಲ್ಲಿ, ಕೊಲ್ಲಂನ ಗೋಡಂಬಿ ಕಾರ್ಖಾನೆಗಳ ಹೊಗೆಯಲ್ಲಿ ಅಪ್ಪ ಒಂದು ಕೈ ಕಿಟಕಿಯ ಹೊರಗಿಟ್ಟು ರಾಜನ ಹಾಗೆ ಓಡಿಸಿದ. ನಾನು ಹಿಂದೆ ಮಡಿಚುವ ಮೇಜಿನ ಹತ್ತಿರ ಕೂತು ಕಾಲೇಜಿನ ಹಾಸ್ಟೆಲಿನಲ್ಲಿ ಯಾವ ಬದಿಯ ಹಾಸಿಗೆ ಕೇಳಬೇಕೆಂದು ಯೋಚಿಸುತ್ತಿದ್ದೆ. ಕಡಲ ಬದಿಯ ಗಾಳಿಮರಗಳ ಕೆಳಗೆ ಗಾಡಿ ನಿಂತಿತು. ಆಫೀಸರು ಬಂದರು. ಅವ್ವ ತಟ್ಟಿದಳು, ಬಾಯಾರು ಬಡಿಸಿದರು. ಊರು ಬಿಟ್ಟು ಬಂದ ಮೇಲೆ ಇಂಥ ರೊಟ್ಟಿ ಕಂಡಿಲ್ಲ ಎಂದು ಆಫೀಸರು ಕಣ್ಣು ಮುಚ್ಚಿ ತಿಂದರು. "ಬಿಡ್ರಿ, ಕೆಲಸ ನಿಮ್ಮದ," ಎಂದು ಸಾವ್ಕಾರರ ಬೆನ್ನು ತಟ್ಟಿ ಎದ್ದರು. ಅವರ ಜೀಪು ಮರಳು ಹಾರಿಸಿಕೊಂಡು ಹೋಗುವವರೆಗೂ ಬಾಯಾರು ನಗುತ್ತ ಕೈ ಮುಗಿದು ನಿಂತಿದ್ದರು. ಆಮೇಲೆ ತಿರುಗಿ ಅವ್ವನನ್ನು ನೋಡಿದರು.

"ಗಂಗವ್ವಾ, ಇಳಿ ಕೆಳಗ."

ಅವ್ವ ಹಿಟ್ಟಿನ ಕೈಯಲ್ಲೇ ಇಳಿದಳು.

"ನಮ್ಮ ತವರಮನಿ ಬಾವಿಮ್ಯಾಲೆ ವರ್ಷಾ ಬಾನಿಗೆ ಎಣ್ಣಿ ಕುಡಸಲಿಕ್ಕೆ ಮಂದಿ ಬರತಿದ್ದರು. ಬೇಲಿ ಆಚೆ ನಿಂತು ಕಾಸತಿದ್ದರು. ಆ ವಾಸನಿ ನಾ ಸತ್ತರೂ ಮರಿಯೂದಿಲ್ಲ. ಮಿಲ್ಟ್ರಿ ಮಂದಿ ಅಂತ. ಎಷ್ಟ ಮೋಸ ಮಾಡಿದ್ರಿ."

ಸಾವ್ಕಾರರ ಮುಖ ಬೂದಿಯಾಯಿತು. "ನಿನಗ ಅವತ್ತ ಗೊತ್ತಿತ್ತಾ? ಮತ್ತ ನನಗ ತಿನ್ನಿಸಿದೆಲ್ಲ?"

"ಗಾಡಿ ಏಳಬೇಕಿತ್ತು. ಆಫೀಸರಿಗೆ ರೊಟ್ಟಿ ಆಗಬೇಕಿತ್ತು. ಅದಕ್ಕ ಸುಮ್ಮನಿದ್ದೆ."

ಈ ಮಾತನ್ನೇ ನಾನು ಕ್ಷಮಿಸಲಾರೆ. ಗೊತ್ತಾದ ಗಳಿಗೆಯಲ್ಲೇ ಹೊರಗೆ ಹಾಕಿದ್ದರೆ ಅವರ ಮಡಿ ಅವರಿಗೆ ಎಂದು ಬಿಟ್ಟುಬಿಡುತ್ತಿದ್ದೆನೋ ಏನೋ. ಗೊತ್ತಿದ್ದೂ ನಮ್ಮ ತೊಗಲಿನ ಮೇಲೆ ಇಷ್ಟು ದೂರ ಸವಾರಿ ಮಾಡಿಕೊಂಡು ಬಂದರು. ಕೆಲಸ ಕೈಗೆ ಬಂದಮೇಲೆ ಮೈಲಿಗೆ ನೆನಪಾಯಿತು. ಸಾವ್ಕಾರರಿಗೆ ನನ್ನ ಮುಖ ನೋಡಲು ಆಗಲಿಲ್ಲ; ಅಪ್ಪನ ಕಡೆ ತಿರುಗಿ ಹೇಳಿದರು. ಕಾಲೇಜಿನ ಮಾತು ಇನ್ನು ಎತ್ತಬಾರದು. ಕೊಚ್ಚಿಗೆ ಗಾಡಿ ಮುಟ್ಟಿಸಿ, ಮನೆ ಖಾಲಿ ಮಾಡಬೇಕು. ಬಾಯಾರು ರೊಟ್ಟಿಯ ಹಂಚನ್ನು ಕೋಲಿನಿಂದ ಗಾಡಿಯ ಬಾಗಿಲ ಹೊರಗೆ ತಳ್ಳಿದರು. ಅದು ಮರಳಿನಲ್ಲಿ ಬಿದ್ದು ಚುರ್ರೆಂದಿತು.

"ಅದನ್ನೂ ನೀನ ತಗೊಂಡ ಹೋಗು."

ಅವ್ವ ಸೆರಗಿನಿಂದ ಹಂಚು ಹಿಡಿದು ಎತ್ತಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಬಾಯಾರ ಎದುರು ನಿಂತು ಕೇಳಿದಳು.

"ಹಂಚು ಹೊರಗ ಹಾಕಿದ್ರಿ. ಇಷ್ಟ ವರ್ಷ ತಿಂದ ರೊಟ್ಟಿ ಹ್ಯಾಂಗ ಹೊರಗ ಹಾಕ್ತೀರಿ? ನಾಕು ಬಾಳಿಹಣ್ಣು ತಿಂದ್ರ ಬರತಾವೇನವು?"

ಆಮೇಲೆ ಅಪ್ಪನಿಗೆ ಹೇಳಿದಳು. "ನಮ್ಮದು ಒಂದ ಗಾಡ್ಯಾಗ ಉಳದೈತಿ. ಮೈಲಿಗಿ ಅಂತಾರ. ತಗದ ಕೊಡ್ರಿ."

ಅಪ್ಪ ಕದಲಲಿಲ್ಲ. ಅವನ ಕೈ ಕಟ್ಟಿದ ಗಾಡಿಯನ್ನು ಅವನ ಕೈಯೇ ಬಿಚ್ಚಲಾರದು. ನಾನು ಸ್ಪ್ಯಾನರು ತೆಗೆದುಕೊಂಡು, ಲಂಗ ಎತ್ತಿ ಕಟ್ಟಿ, ಗಾಡಿಯ ಕೆಳಗೆ ತೂರಿದೆ. ಮರಳು ಬಿಸಿಯಾಗಿತ್ತು, ಎಣ್ಣೆಯ ಕೊಳವೆ ಅದಕ್ಕಿಂತ ಬಿಸಿಯಾಗಿತ್ತು. ಯಾವ ನಟ್ಟು ಎಂದು ತಿಳಿಯದೆ ತಡಕಾಡುತ್ತಿದ್ದಾಗ ಅಪ್ಪನ ಬೂಟಿಲ್ಲದ ಕಾಲುಗಳು ಹತ್ತಿರ ಬಂದವು.

"ಅದಲ್ಲ, ಬಲಕ್ಕಿಂದು," ಎಂದ ಮೆಲ್ಲಗೆ. "ಮುಖ ಆ ಕಡೆ ಮಾಡು. ಎಣ್ಣಿ ಸಿಡೀತೈತಿ."

"ಪೊಲೀಸರನ್ನ ಕರಸ್ತೀನಿ," ಎಂದರು ಸಾವ್ಕಾರರು.

"ಕರಸ್ರಿ," ಎಂದಳು ಅವ್ವ. "ನಮ್ಮ ಗಾಡ್ಯಾಗ ಇವರ ತೊಗಲು ಇತ್ತು, ಅದನ್ನ ಒಯ್ದಾರ ಅಂತ ಬರಸ್ರಿ. ಬಾಯಾರ ತವರಮನಿ ತನಾ ಸುದ್ದಿ ಹೋಗಲಿ."

ಸಾವ್ಕಾರರು ಪಕ್ಕಕ್ಕೆ ಸರಿದರು. ಕೆಂಪು ಎಣ್ಣೆ ಬಿಳಿ ಮರಳಿನ ಮೇಲೆ ಹರಿಯಿತು. ತೊಗಲಿನ ಬಳೆಯನ್ನು ಮುಷ್ಟಿಯಲ್ಲಿ ಹಿಡಿದು ನಾನು ಈಚೆ ಬಂದಾಗ ನನ್ನ ಮೈಯೆಲ್ಲ ಎಣ್ಣೆ, ಬಾಯಾರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಅಷ್ಟು ಸುಖ ನನಗೆ ಆಮೇಲೆ ಡಿಗ್ರಿ ಕೈಗೆ ಬಂದಾಗಲೂ ಆಗಲಿಲ್ಲ. ನಾವು ಮೂವರೂ ಹಂಚು ಹೊತ್ತುಕೊಂಡು ಬಸ್ಸಿನ ರಸ್ತೆಗೆ ನಡೆದೆವು. ಆ ಗಾಡಿಯನ್ನು ಒಯ್ಯಲು ಕೊಚ್ಚಿಯಿಂದ ಬೇರೆ ಡ್ರೈವರು ಬಂದನಂತೆ. ಎಣ್ಣೆಯಿಲ್ಲದೆ ಪಂಪು ಸುಟ್ಟುಹೋಯಿತು, ಮರಳಿನಲ್ಲಿ ಗಾಲಿ ತಿರುಗಲಿಲ್ಲ, ಅಲ್ಲೇ ಬಿಟ್ಟುಹೋದ. ಉಪ್ಪುಗಾಳಿ ಅದನ್ನು ಮೂಳೆಯವರೆಗೂ ತಿಂದಿತು. ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಆ ಬದಿಯ ಕಿಟಕಿಯಲ್ಲೇ ಕೂರುತ್ತಿದ್ದೆ. ಹೂವಿನ ಪರದೆ ಹರಿದದ್ದು, ಬಾಗಿಲು ಬಿದ್ದದ್ದು, ಒಳಗೆ ಆಡುಗಳು ಸೇರಿದ್ದು, ಒಂದೊಂದನ್ನೂ ಕಣ್ಣು ತುಂಬ ನೋಡಿದ್ದೇನೆ.

ನನ್ನನ್ನು ಓದಿಸಿದ್ದು ಆ ಹಂಚು. ಅಪ್ಪ ತಿರುವನಂತಪುರದಲ್ಲೇ ಒಂದು ಲಾರಿ ಶೆಡ್ಡಿಗೆ ಸೇರಿದ. ಕಡಲ ಬದಿಯ ಆ ಸಂಸ್ಥೆಗೆ ವರ್ಗವಾಗಿ ಬಂದ ನಮ್ಮ ಕಡೆಯವರ ಮನೆಗಳಿಗೆ ಅವ್ವ ರೊಟ್ಟಿ ಮಾಡಿಕೊಡಲು ಶುರುಮಾಡಿದಳು. ಯಾವ ಮಂದಿ ಎಂದು ಕೇಳಿದವರಿಗೆ ಮೊದಲೇ ಸ್ಪಷ್ಟವಾಗಿ ಹೇಳುತ್ತಿದ್ದಳು, ಆಮೇಲೆ ಬೇಕಾದರೆ ತಗೊಳ್ಳಿ ಎನ್ನುತ್ತಿದ್ದಳು. ಕೆಲವರು ಬಿಟ್ಟರು, ಬಹಳ ಜನ ತಗೊಂಡರು. ನಾನು ಯಾರ ಪರಿಚಯವೂ ಇಲ್ಲದೆ, ನನ್ನ ಅಂಕಗಳನ್ನೇ ಮುಂದಿಟ್ಟು ಅದೇ ಕಾಲೇಜು ಸೇರಿದೆ. ಹಾಸ್ಟೆಲ್ ಇಲ್ಲ, ಬೆಳಿಗ್ಗೆ ಮನೆಮನೆಗೆ ರೊಟ್ಟಿಯ ಗಂಟು ಮುಟ್ಟಿಸಿ, ಹಿಟ್ಟಿನ ಕೈ ತೊಳೆದು ಭೌತಶಾಸ್ತ್ರದ ತರಗತಿಗೆ ಓಡುತ್ತಿದ್ದೆ.

ಬಿ.ಎಸ್ಸಿ.ಯ ಫಲಿತಾಂಶ ಬಂದ ವಾರ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಬಾಯಾರು ಇಳಿದರು. ಮೈ ಸೊರಗಿತ್ತು. ಸಾವ್ಕಾರರನ್ನು ಇಲ್ಲಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ರೊಟ್ಟಿ ಮಾಡುವವಳು ಇಲ್ಲಿದ್ದಾಳೆಂದು ಯಾರೋ ನಮ್ಮ ಕಡೆಯವರೇ ಹೇಳಿದ್ದರಂತೆ.

"ಸಕ್ಕರಿ ಬ್ಯಾನಿ. ಅನ್ನ ಬಿಡಸ್ಯಾರ. ರೊಟ್ಟಿ ರೊಟ್ಟಿ ಅಂತ ಒಂದ ಸಮ ಕನವರಸ್ತಾರ. ನಾಕು ಕಟ್ಟಿಕೊಡ ಗಂಗವ್ವಾ."

"ಕಟ್ಟಿಕೊಡ್ತೇನ್ರಿ," ಎಂದಳು ಅವ್ವ. "ಮೊದಲ ನೀವು ಕುಂತು ಉಣ್ರಿ."

ಬಾಯಾರು ನಿಂತೇ ಇದ್ದರು. ಅವ್ವ ತಿರುಗಿ ನೋಡದೆ ಹಿಟ್ಟು ನಾದಿದಳು. ತಟ್ಟುವ ಸದ್ದು ಆ ಸಣ್ಣ ಮನೆ ತುಂಬಿತು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಬಾಯಾರು ನೆಲದ ಮೇಲೆ ಕೂತಿದ್ದರು. ಅವ್ವ ತಾಟಿನಲ್ಲಿ ರೊಟ್ಟಿ ಹಾಕಿ, ಗುರೆಳ್ಳು ಚಟ್ನಿಪುಡಿಯಿಟ್ಟು, ಅದರ ಮೇಲೆ ಕಾಸಿದ ಕುಸುಬಿ ಎಣ್ಣೆ ಸುರಿದಳು. ವಾಸನೆ ಎದ್ದಿತು. ಬಾಯಾರ ಕೈ ತಡೆಯಿತು.

"ಹೌದ್ರಿ, ಅದ ಎಣ್ಣಿ," ಎಂದಳು ಅವ್ವ. "ಹಂಚೂ ಅದ. ಗುರುತು ಸಿಕ್ತೇನ್ರಿ?"

ಬಾಯಾರು ತಲೆ ಆಡಿಸಿದರು. ರೊಟ್ಟಿ ಮುರಿದರು. ತುತ್ತು ಬಾಯಿಗೆ ಹೋಗುವುದನ್ನು, ಗಂಟಲು ಇಳಿಯುವುದನ್ನು ನಾನು ಗೋಡೆಗೆ ಒರಗಿ ಪೂರ್ತಿಯಾಗಿ ನೋಡಿದೆ. ನೋಡಬಾರದೆಂದು ಅನ್ನಿಸಲಿಲ್ಲ. ತಾಟು ಖಾಲಿಯಾದಾಗ ಅವರು ತಲೆಯೆತ್ತದೆ, "ಇನ್ನೊಂದ ಹಾಕ," ಎಂದರು. ಅವ್ವ ಇನ್ನೊಂದು ತಟ್ಟಿದಳು. ಅವಳ ಬೆನ್ನು ನೋಡಿಯೇ ನನಗೆ ತಿಳಿಯಿತು, ಅವ್ವನ ಸಿಟ್ಟು ಅಲ್ಲಿಗೆ ಇಳಿದಿತ್ತು. ಸಾವ್ಕಾರರಿಗೆಂದು ಕೇಳಿದ್ದಕ್ಕಿಂತ ಹೆಚ್ಚೇ ಕಟ್ಟಿಟ್ಟಳು. ನನ್ನದು ಇಳಿದಿರಲಿಲ್ಲ.

ಉಂಡು ಮುಗಿಸಿ ಬಾಯಾರು ಎಂಜಲು ಕೈಯಲ್ಲಿ ಸುತ್ತ ನೋಡಿದರು. ಬಂಗಲೆಯಲ್ಲಿ ಅವರು ಉಂಡ ತಾಟನ್ನು ಅವರು ಎಂದೂ ಎತ್ತಿದವರಲ್ಲ. ಇರಲಿ ಬಿಡ್ರಿ ಎನ್ನಲು ಅವ್ವ ಬಾಯಿ ತೆರೆಯುವಷ್ಟರಲ್ಲಿ ನಾನು ಬಚ್ಚಲಿನ ಕಡೆ ಕೈ ತೋರಿಸಿದೆ. ಬಾಯಾರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ನಿಧಾನಕ್ಕೆ ತಾಟು ಎತ್ತಿಕೊಂಡರು. ಅವರೊಂದಿಗೆ ನಾನು ಮೊದಲ ಸಲ ಕನ್ನಡದಲ್ಲಿ ಮಾತಾಡಿದ್ದು ಆಗ.

"ಬೂದಿ ಬಲಗಡೆ ಐತ್ರಿ," ಎಂದೆ. "ತಿಕ್ಕಿ ತೊಳೀರಿ."